ಬ್ಲ್ಯಾಕ್ ಮೌತ್ ಕರ್: ಮೂತಿಯ ಬಣ್ಣಕ್ಕಲ್ಲ, ದನದ ಎದುರು ತೋರುವ ನಡತೆಗೆ ದುಡ್ಡು ಕೊಡಿ

ಅಮೆರಿಕದ ಪೂರ್ವ ಟೆಕ್ಸಸ್, ಮಿಸಿಸಿಪ್ಪಿ, ಫ್ಲಾರಿಡಾ ಕಡೆಯ ಪೈನ್ ಕಾಡುಗಳಲ್ಲಿ ದನ ಸಾಕುವವರ ನಾಯಿ ಇದು. ಅಲ್ಲಿ ಪೊದೆಯೊಳಗೆ ಹೊಕ್ಕ ದನವನ್ನು ಕುದುರೆ ಮೇಲಿಂದ ಹುಡುಕಿ ತರುವುದು ಸುಲಭವಲ್ಲ. ಕರ್ ನಾಯಿ ವಾಸನೆ ಹಿಡಿದು ಹೋಗಿ, ಎದುರು ನಿಂತು ಬೊಗಳಿ, ಸುತ್ತು ಹಾಕಿ ಹಿಂಡನ್ನು ಒಂದೆಡೆ ನಿಲ್ಲಿಸುತ್ತದೆ. ಸವಾರ ಬರುವ ತನಕ ಜಾಗ ಬಿಡುವುದಿಲ್ಲ. ಬಯಲಲ್ಲಿ ಕುರಿ ನಡೆಸಲು ಬಾರ್ಡರ್ ಕೋಲಿ ಚೆನ್ನ. ಪೊದೆಗಾಡಿನ ಒರಟು ದನಕ್ಕೆ ಇದಕ್ಕಿಂತ ಒಳ್ಳೆಯ ನಾಯಿ ಸಿಗುವುದು ಕಷ್ಟ.

ಅಮೆರಿಕದ ನಾಯಿ ತಳಿ ನೋಂದಣಿ ಸಂಸ್ಥೆ ಯುಕೆಸಿ (ಯುನೈಟೆಡ್ ಕೆನಲ್ ಕ್ಲಬ್) 1998ರಲ್ಲಿ ಈ ತಳಿಗೆ ಮಾನ್ಯತೆ ಕೊಟ್ಟಿತು. ಆದರೆ ನೋಂದಣಿ ಕಾಗದವಾಗಲಿ ಕಪ್ಪು ಮೂತಿಯಾಗಲಿ ಹೋರಿಯನ್ನು ನಿಲ್ಲಿಸುವುದಿಲ್ಲ. ಮರಿ ಮಾರುವವರ ಹತ್ತಿರ ತಾಯಿ-ತಂದೆ ಎರಡನ್ನೂ ದೊಡ್ಡಿಯೊಳಗಲ್ಲ, ತೆರೆದ ಹುಲ್ಲುಗಾವಲಿನಲ್ಲಿ ಬಿಟ್ಟು ತೋರಿಸಲು ಹೇಳಿ. ಓಡುವ ಹಸುವಿನ ಮುಂದಕ್ಕೆ ಹೋಗಿ ಮೂತಿಗೆ ಒಮ್ಮೆ ಕಚ್ಚಿ, ತಟ್ಟನೆ ಬಿಡಬೇಕು. ಹಸು ನಿಂತರೆ ನಾಯಿ ನಾಲ್ಕು ಹೆಜ್ಜೆ ಹಿಂದೆ ಸರಿಯಬೇಕು. ನಿಂತ ಮೇಲೂ ಕಚ್ಚಿದರೆ ನಿಂತು ಪ್ರಯೋಜನವಿಲ್ಲ ಎಂದು ದನ ಕಲಿತುಬಿಡುತ್ತದೆ, ಮುಂದಿನ ಸಲ ಬೇಲಿ ಮುರಿದು ಓಡುತ್ತದೆ. ಕಿವಿ ಹಿಡಿದು ಜೋತುಬೀಳುವ, ಕೂಗಿದರೂ ಬಿಟ್ಟು ಬಾರದ ನಾಯಿಯ ಮರಿ ಬೇಡ. ಎಷ್ಟೇ ಧೈರ್ಯವಿರಲಿ, ಅದರಿಂದ ಗಾಯವೇ ಹೆಚ್ಚು.

ಹೆಣ್ಣಿಗೆ 2 ವರ್ಷ ತುಂಬುವ ಮುಂಚೆ ಗಂಡು ಕೂಡಿಸಿದವರ ಹತ್ತಿರ ಕೊಳ್ಳಬೇಡಿ. ಅಷ್ಟು ಹೊತ್ತಿಗೆ ಅದರ ಕೆಲಸವೂ ಪೂರ್ತಿ ಗೊತ್ತಾಗಿರುವುದಿಲ್ಲ. ಸೊಂಟದ ಕೀಲಿನ ಎಕ್ಸ್‌ರೇಗೆ ಓಎಫ್ಎ (ನಾಯಿಗಳ ಕೀಲು ಪರೀಕ್ಷೆಗೆ ದರ್ಜೆ ಕೊಡುವ ಅಮೆರಿಕದ ಸಂಸ್ಥೆ) ಅಂತಿಮ ದರ್ಜೆ ಕೊಡುವುದೂ 24 ತಿಂಗಳ ಮೇಲೆಯೇ. ಕ್ಯಾಟಹೂಲ ಎಂಬ ಇನ್ನೊಂದು ದನಗಾಹಿ ತಳಿಯ ಬೆರಕೆಯಾದರೆ ಇನ್ನೊಂದು ಎಚ್ಚರ: ತಾಯಿ-ತಂದೆ ಎರಡೂ ಮರ್ಲ್ ಮಚ್ಚೆಯವಾಗಿದ್ದರೆ (ತಿಳಿ ಮೈಮೇಲೆ ಕಡು ಬಣ್ಣದ ತೇಪೆ) ಸರಾಸರಿ ನಾಲ್ಕರಲ್ಲಿ ಒಂದು ಮರಿಗೆ ಆ ಜೀನ್ ಎರಡು ಪ್ರತಿ ಬರುತ್ತದೆ. ಅಂಥ ಮರಿಗಳಲ್ಲಿ ಕಿವುಡು, ಕಣ್ಣಿನ ದೋಷ ಹೆಚ್ಚು. ಶಿಳ್ಳೆ ಕೇಳದ ನಾಯಿಯನ್ನು ಕಾಡಿಗೆ ಬಿಡುವುದು ಹೇಗೆ?

ಮರಿ ತಂದ ಮೇಲೆ ಆತುರ ಬೇಡ. 8-10 ತಿಂಗಳಿಗೆ, ನಾಯಿಗೆ ಪಳಗಿದ ಐದಾರು ಕಡಸುಗಳ ಮೇಲೆ, ಹಳೆಯ ನಾಯಿಯ ಜೊತೆ ಶುರು ಮಾಡಿ. ಎಳೆಗರು ಇರುವ ಹಸುವಿನ ಮುಂದೆ ಮಾತ್ರ ಬಿಡಲೇಬೇಡಿ. ಒಮ್ಮೆ ತುಳಿಸಿಕೊಂಡ ಎಳೆ ನಾಯಿ ದನ ಕಂಡರೆ ಕಾಲ ಸಂದಿಗೆ ಬಾಲ ಸೇರಿಸಿ ನಿಲ್ಲಬಹುದು. ಆ ಪೈನ್ ಕಾಡಿನ ಸೀಮೆಯಲ್ಲಿ ಸೊಳ್ಳೆಯಿಂದ ಹೃದಯದ ಹುಳು ಹರಡುತ್ತದೆ, ತಿಂಗಳ ಮಾತ್ರೆ ವರ್ಷಪೂರ್ತಿ ತಪ್ಪಿಸುವಂತಿಲ್ಲ.

ನಾಲ್ಕೈದು ಸಾಧು ಹಸು ಕಟ್ಟಿಕೊಂಡವರಿಗೆ ಈ ನಾಯಿ ಬೇಡ. ಕೆಲಸವಿಲ್ಲದಿದ್ದರೆ ಅದು ಪಕ್ಕದವರ ದನ ತಡೆಯಲು ಹೊರಡುತ್ತದೆ.