ಹೊಸ ಹಾರ್ಡ್ ಡಿಸ್ಕಿಗೆ ಹಳೇದರ ಕ್ಲೋನ್ ಹೊಡೆಸಬೇಡಿ

ಮುಂಬೈನ ಎಲೆಕ್ಟ್ರಾನಿಕ್ಸ್ ಮಾರ್ಕೆಟ್ಟು ಲ್ಯಾಮಿಂಗ್ಟನ್ ರೋಡಿಗೆ ಹೋಗಿ ಹಾರ್ಡ್ ಡಿಸ್ಕ್ ತಗೊಂಡು, ಹಳೇ ಲಿನಕ್ಸ್ (ವಿಂಡೋಸ್ ಬದಲು ಬಳಸೋ ಆಪರೇಟಿಂಗ್ ಸಿಸ್ಟಮ್) ಡಿಸ್ಕನ್ನು ಅಲ್ಲೇ ಕ್ಲೋನ್, ಅಂದರೆ ಇದ್ದಹಾಗೇ ಪೂರ್ತಿ ಕಾಪಿ, ಮಾಡಿಸೋಣ ಅಂತಿದ್ದರೆ ಸ್ವಲ್ಪ ತಡೀರಿ. ಡಿಸ್ಕ್ ತಗೊಳ್ಳಿ. ಕ್ಲೋನ್ ಬೇಡ.

ಡೊಂಬಿವಲಿಯಲ್ಲಿ ನಮ್ಮ ಚಿಕ್ಕಪ್ಪನ ಹೋಟೆಲಿದೆ. ಗಲ್ಲಾ ಪಕ್ಕದ ಬಿಲ್ಲಿಂಗ್ ಕಂಪ್ಯೂಟರ್ ಲಿನಕ್ಸಿನದು, ವಿಂಡೋಸ್ ಎಕ್ಸ್‌ಪಿ ಕಾಲದ್ದು. ಅದರ ಡಿಸ್ಕ್ ಕಟಕಟ ಅನ್ನೋಕೆ ಶುರುವಾಗಿತ್ತು. ಅಂಗಡಿಯವನು ಎರಡೂ ಡಿಸ್ಕನ್ನು ಡಾಕಿಗೆ (ಡಿಸ್ಕ್ ಸಿಕ್ಕಿಸೋ ಪೆಟ್ಟಿಗೆ) ಸಿಕ್ಕಿಸಿ ಮೊದಲಿಂದ ಕೊನೆವರೆಗೂ ಹಾಗೇ ಕಾಪಿ ಹೊಡೆದು ಕೊಟ್ಟ. ಬೂಟ್ ಆಯ್ತು, ಲೆಕ್ಕ ಎಲ್ಲಾ ಇತ್ತು, ಚಿಕ್ಕಪ್ಪನಿಗೂ ಖುಷಿ. ಮಧ್ಯಾಹ್ನ ಊಟದ ಗಿರಾಕಿ ಬಂದಾಗ ಬಣ್ಣ ಬಯಲಾಯ್ತು. ಒಂದೊಂದು ಬಿಲ್ಲಿಗೂ ಸ್ಕ್ರೀನ್ ನಿಂತುಬಿಡುತ್ತೆ, ಪ್ರಿಂಟರ್ ಸುಮ್ನೆ ಕೂತಿರುತ್ತೆ, ಪಾರ್ಸೆಲ್‌ನವರು ನೋಟು ಹಿಡ್ಕೊಂಡು ಗೊಣಗುತ್ತಾ ನಿಂತಿದ್ದಾರೆ, ಕೊನೆಗೆ ಚಿಕ್ಕಪ್ಪ ಬಿಲ್ ಪುಸ್ತಕ ತೆಗೆದು ಕೈಯಲ್ಲೇ ಬರೆಯೋಕೆ ಕೂತರು.

ಅಂಗಡಿಯವನನ್ನು ಕೇಳಿದರೆ, "ಲಿನಕ್ಸ್ ಮೇ ಐಸಾ ಹೀ ಹೋತಾ ಹೈ" (ಲಿನಕ್ಸಿನಲ್ಲಿ ಹೀಗೇ ಆಗೋದು) ಅಂದ. ಟೆಸ್ಟ್ ಹಾಕಿಯೂ ತೋರಿಸಿದ, ಡಿಸ್ಕ್ ಸರಿಯಾಗೇ ಇತ್ತು. ತೊಂದರೆ ಇರೋದೇ ಇಲ್ಲಿ, ಟೆಸ್ಟಿನಲ್ಲಿ ಇದು ಕಾಣೋದೇ ಇಲ್ಲ.

ಆಗಿದ್ದು ಏನು ಅಂದರೆ, ಹಳೇ ಡಿಸ್ಕುಗಳ ಸೆಕ್ಟರ್ (ಡಿಸ್ಕ್ ಒಂದು ಸಲಕ್ಕೆ ಓದಿ ಬರೆಯೋ ಅತಿ ಚಿಕ್ಕ ತುಂಡು) 512 ಬೈಟಿನದು, ಆ ಕಾಲದ ಎಫ್‌ಡಿಸ್ಕ್ (ಡಿಸ್ಕನ್ನು ಭಾಗ ಮಾಡೋ ಟೂಲ್) ಮೊದಲ ಪಾರ್ಟಿಷನ್ನನ್ನು, ಅಂದರೆ ಮೊದಲ ಭಾಗವನ್ನು, 63ನೇ ಸೆಕ್ಟರಿನಿಂದ ಶುರು ಮಾಡುತ್ತಿತ್ತು. 2010ರ ಸುಮಾರಿಗೆ ಬಂದ ಹೊಸ ಥರದ ಡಿಸ್ಕುಗಳ ಒಳಗೆ ಸೆಕ್ಟರ್ 4096 ಬೈಟಿನದು, ಆದರೆ ಹೊರಗೆ ಮಾತ್ರ 512 ಅಂತಲೇ ಹೇಳಿಕೊಳ್ಳುತ್ತವೆ. ಕ್ಲೋನ್ ಮಾಡಿದಾಗ ಆ 63 ಹಾಗೇ ಹೊಸ ಡಿಸ್ಕಿಗೂ ಬರುತ್ತೆ. 63ನ್ನು 512ರಿಂದ ಗುಣಿಸಿ, 32,256. ಇದು 4096ಕ್ಕೆ ಸರಿಯಾಗಿ ಭಾಗ ಹೋಗಲ್ಲ. ಹಾಗಾಗಿ ಫೈಲ್ ಸಿಸ್ಟಮ್ಮಿನ (ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸೋ ವ್ಯವಸ್ಥೆ) ಪ್ರತಿ ಬ್ಲಾಕೂ, ಅಂದರೆ ಸಾಮಾನ್ಯವಾಗಿ 4096 ಬೈಟಿನ ಪ್ರತಿ ತುಂಡೂ, ಎರಡು ಸೆಕ್ಟರಿನ ಮೇಲೆ ಕಾಲು ಹಾಕಿ ಕೂತಿರುತ್ತೆ. ಒಂದು ಬ್ಲಾಕ್ ಬರೀಬೇಕು ಅಂದರೆ ಡಿಸ್ಕ್ ಎರಡನ್ನೂ ಓದಿ, ತಿದ್ದಿ, ಒಳಗೆ ತಿರುಗೋ ತಟ್ಟೆ ಇನ್ನೊಂದು ಸುತ್ತು ಬರೋವರೆಗೆ ಕಾದು ಬರೀಬೇಕು. 5400 ಆರ್‌ಪಿಎಂ (ನಿಮಿಷಕ್ಕೆ 5400 ಸುತ್ತು) ಡಿಸ್ಕಿನಲ್ಲಿ ಒಂದು ಸುತ್ತಿಗೆ 11 ಮಿಲಿಸೆಕೆಂಡ್. ದೊಡ್ಡ ಸಿನಿಮಾ ಫೈಲ್ ಕಾಪಿ ಮಾಡುವಾಗ ಇದು ಅಷ್ಟಾಗಿ ಗೊತ್ತಾಗಲ್ಲ. ಬಿಲ್ಲಿಂಗ್ ಡೇಟಾಬೇಸ್ ಚಿಕ್ಕ ಚಿಕ್ಕದಾಗಿ ಬರೀತಾನೇ ಇರುತ್ತಲ್ವಾ, ಅಲ್ಲಿ ಪ್ರಾಣ ಹಿಂಡುತ್ತೆ.

ನಿಮ್ಮದು ಹೇಗಿದೆ ಅಂತ ನೋಡೋಕೆ, ಸಾಧ್ಯವಾದರೆ ಹೊಸ ಲಿನಕ್ಸ್ ಡಿಸ್ಟ್ರೋದ (ಆವೃತ್ತಿಯ) ಲೈವ್ ಪೆನ್‌ಡ್ರೈವಿನಿಂದ, ಅಂದರೆ ಇನ್‌ಸ್ಟಾಲ್ ಮಾಡದೇ ನೇರ ಓಡುವಂಥದ್ದರಿಂದ, ಬೂಟ್ ಮಾಡಿ, ಎಫ್‌ಡಿಸ್ಕಿಗೆ ಮೈನಸ್ ಎಲ್ ಕೊಟ್ಟು (fdisk -l) 'ಸ್ಟಾರ್ಟ್' ಕಾಲಂ ನೋಡಿ. 2048 ಇದ್ದರೆ ಚಿಂತೆಯಿಲ್ಲ. 63 ಇದ್ದರೆ, ಅಥವಾ ಯಾವುದೇ ಪಾರ್ಟಿಷನ್ನಿನ ಅಂಕಿ 8ರಿಂದ (512ರ ಎಂಟು ಪಟ್ಟೇ 4096) ಭಾಗ ಹೋಗದಿದ್ದರೆ ನಿಮಗೂ ಇದೇ ಕಥೆ. ಮೊದಲನೆಯದು ಮಾತ್ರ ನೋಡಿ ಬಿಡಬೇಡಿ, ಎಕ್ಸ್‌ಟೆಂಡೆಡ್ ಅನ್ನೋ ದೊಡ್ಡ ಪಾರ್ಟಿಷನ್ ಒಳಗಿನ ಲಾಜಿಕಲ್ ಅನ್ನೋ ಚಿಕ್ಕ ಪಾರ್ಟಿಷನ್‌ಗಳಲ್ಲೂ ಇದೇ 63ರ ಕಾಟ ಇರುತ್ತೆ. ಡಿಸ್ಕನ್ನು ನೇರ ಕಂಪ್ಯೂಟರಿನೊಳಗಿನ ಸಾಟಾ ಕೇಬಲ್ಲಿಗೇ ಹಾಕಿ ನೋಡಿ. ಕೆಲವು ಯುಎಸ್‌ಬಿ ಡಾಕುಗಳು 4096 ಅನ್ನೋದನ್ನೇ ಮುಚ್ಚಿಡುತ್ತವೆ, ಆಗ ಎಫ್‌ಡಿಸ್ಕ್ ಎಚ್ಚರಿಕೆಯನ್ನೂ ಕೊಡಲ್ಲ.

ಸರಿ ಮಾಡೋಕೆ ಪಾರ್ಟಿಷನ್ ಟೇಬಲ್ಲನ್ನೇ ಹೊಸದಾಗಿ ಮಾಡಬೇಕು. ಮೊದಲು ಬ್ಯಾಕಪ್. ಆಮೇಲೆ ಅದೇ ಲೈವ್ ಪೆನ್‌ಡ್ರೈವಿನಲ್ಲಿ ಪಾರ್ಟೆಡ್ (ಪಾರ್ಟಿಷನ್ ಮಾಡೋ ಇನ್ನೊಂದು ಟೂಲ್) ತೆರೆದು ಶುರುವಿನ ಜಾಗ 1 ಎಂಐಬಿ (ಅಂದರೆ 2048ನೇ ಸೆಕ್ಟರ್) ಅಂತ ಕೊಡಿ, ಫಾರ್ಮ್ಯಾಟ್ ಮಾಡಿ, ಆರ್‌ಸಿಂಕ್ ಅನ್ನೋ ಕಾಪಿ ಟೂಲಿನಲ್ಲಿ ಫೈಲುಗಳನ್ನು ಎಳೆದುಕೊಳ್ಳಿ, ಎಫ್‌ಸ್ಟ್ಯಾಬಿನಲ್ಲಿ (ಯಾವ ಪಾರ್ಟಿಷನ್ ಎಲ್ಲಿ ಸೇರಬೇಕು ಅಂತ ಹೇಳೋ ಫೈಲ್) ಹೊಸ ಯುಯುಐಡಿ (ಪಾರ್ಟಿಷನ್ನಿನ ಗುರುತಿನ ಸಂಖ್ಯೆ) ಬರೆದು ಗ್ರಬ್ (ಬೂಟ್ ಮಾಡಿಸೋ ಪ್ರೋಗ್ರಾಂ) ಮತ್ತೆ ಹಾಕಿ. ಹಳೇ ಸಿಸ್ಟಮ್ಮಿನ ಎಫ್‌ಡಿಸ್ಕ್ ಬಳಸಿದರೆ ಅದು ಮತ್ತೆ 63ಕ್ಕೇ ಹೋಗಿ ನಿಲ್ಲುತ್ತೆ. ಇನ್ನೊಂದು, ಈಗಿನ ಟೂಲಿನಲ್ಲಿ ಮಾಡಿದ ಎಕ್ಸ್ಟ್4 ಫೈಲ್ ಸಿಸ್ಟಮ್ಮನ್ನು ತೀರಾ ಹಳೇ ಕರ್ನಲ್ (ಲಿನಕ್ಸಿನ ತಿರುಳು) ಓದದೇ ಇರಬಹುದು, ನಾನು ಅದರ ಹಿಂದಿನ ಎಕ್ಸ್ಟ್3 ಹಾಕಿದೆ.

ಹಳೇ ಡಿಸ್ಕ್ ಮತ್ತು ಅದರ ಕ್ಲೋನ್ ಎರಡನ್ನೂ ಒಟ್ಟಿಗೆ ಹಾಕಿ ಬೂಟ್ ಮಾಡೋಕೆ ಮಾತ್ರ ಹೋಗಬೇಡಿ. ಎರಡರ ಯುಯುಐಡಿಯೂ ಒಂದೇ ಆಗಿರೋದರಿಂದ ಯಾವುದು ಮೌಂಟ್ ಆಯ್ತು, ಅಂದರೆ ಬಳಕೆಗೆ ಬಂತು, ಅಂತಲೇ ಗೊತ್ತಾಗಲ್ಲ, ಇವತ್ತಿನ ಬಿಲ್ಲೆಲ್ಲಾ ಸಾಯೋಕೆ ಕೂತ ಡಿಸ್ಕಿಗೆ ಹೋಗಿ ಬಿದ್ದಿರುತ್ತೆ.