ಎಂಟು ವರ್ಷ ಬಳಸಿ ಪಳಗಿಸಿದ ಹಗಿ ಚಹಾ ಬಟ್ಟಲು

2016ರ ನವೆಂಬರಿನಲ್ಲಿ ಜಪಾನಿನ ಯಾಮಗುಚಿ ಪ್ರಾಂತ್ಯದ ಹಗಿ ಊರಿನಿಂದ ಕೊಂಡುತಂದ ಚಹಾ ಬಟ್ಟಲೊಂದನ್ನು ನಾನು ಎಂಟು ವರ್ಷಕ್ಕೂ ಮೇಲ್ಪಟ್ಟು, ಕಡುಬೇಸಿಗೆಯ ತಿಂಗಳುಗಳನ್ನು ಬಿಟ್ಟರೆ ವಾರಕ್ಕೆ ಎರಡು ಮೂರು ಬಾರಿಯಾದರೂ ಬಳಸಿದ್ದೇನೆ. ಕೊಂಡ ಹೊಸತರಲ್ಲೇ ಇದರ ಬಗ್ಗೆ ಬರೆದಿದ್ದರೆ ಅದು ಬರೀ ದೂರಾಗುತ್ತಿತ್ತು, ಏಕೆಂದರೆ ಬಟ್ಟಲು ಸೋರುತ್ತಿತ್ತು. ಆಗ ದೋಷವೆಂದು ಕಂಡ ಆ ಗುಣವೇ ಈ ಬಟ್ಟಲಿನ ಜೀವಾಳವೆಂಬುದು ನನಗೆ ತಿಳಿಯಲು ಎರಡು ವರ್ಷ ಹಿಡಿಯಿತು.

ನಾನು ಹಿರೋಶಿಮಾದಲ್ಲಿ ನೆಲೆಸಿದ್ದು, ಅಲ್ಲಿನ ಹಿರಿಯರೊಬ್ಬರ ಮನೆಗೆ ಹೋಗಿ ಉರಾಸೆಂಕೆ ಪದ್ಧತಿಯ ಚಹಾ ವಿಧಿಯನ್ನು ಕಲಿಯುತ್ತಿದ್ದೇನೆ. ಪಾಠಕ್ಕೆ ಗುರುಗಳ ಮನೆಯ ಬಟ್ಟಲುಗಳೇ ಸಾಕಾಗುತ್ತವೆ. ಆದರೆ ಮನೆಯಲ್ಲಿ ಅಭ್ಯಾಸ ಮಾಡಲು ಸ್ವಂತದ್ದೊಂದು ಇರಬೇಕೆನ್ನಿಸಿ, ಶಿನ್-ಯಾಮಗುಚಿ ನಿಲ್ದಾಣದಲ್ಲಿ ರೈಲಿಳಿದು ಬಸ್ಸು ಹಿಡಿದು ಹಗಿಗೆ ಹೋದೆ. ಚಹಾ ಬಟ್ಟಲಿಗೆ ಜಪಾನೀಯರು ‘ಚವಾನ್’ ಎನ್ನುತ್ತಾರೆ. ನನ್ನದರ ಬಾಯಿ ಸುಮಾರು 12.5 ಸೆಂಟಿಮೀಟರ್ ಅಗಲ, ಎತ್ತರ 8 ಸೆಂಟಿಮೀಟರಿಗೆ ಸ್ವಲ್ಪ ಹೆಚ್ಚು, ತೂಕ 340 ಗ್ರಾಂ. ಆಗ ಕೊಟ್ಟ ಬೆಲೆ 32,000 ಯೆನ್. ಹೆಸರಾಂತ ಮನೆತನಗಳ ಬಟ್ಟಲುಗಳು ಇದರ ಹತ್ತು ಪಟ್ಟಿಗೂ ಹೆಚ್ಚು ಬೆಲೆಗೆ ಮಾರಾಟವಾಗುತ್ತವೆ, ಕೆಲವು ಸಾವಿರ ಯೆನ್ನಿಗೂ ಹಗಿಯ ಬಟ್ಟಲು ಸಿಗುತ್ತದೆ.

ಚಹಾ ಬಟ್ಟಲುಗಳ ವಿಷಯದಲ್ಲಿ ಜಪಾನಿನಲ್ಲಿ ಒಂದು ಹಳೆಯ ಮಾತಿದೆ: ‘ಇಚಿ ರಾಕು, ನಿ ಹಗಿ, ಸಾನ್ ಕರತ್ಸು’. ಈ ಮೂರೂ ಮಣ್ಣಿನ ಪಾತ್ರೆಗಳ ಬಗೆಗಳು; ಮೆಚ್ಚುಗೆಯಲ್ಲಿ ಮೊದಲು ರಾಕು, ಆಮೇಲೆ ಹಗಿ, ಮೂರನೆಯದು ಕರತ್ಸು. ರಾಕು ಬಟ್ಟಲನ್ನು ತಿಗರಿಯಿಲ್ಲದೆ ಬರಿಗೈಯಲ್ಲಿ ರೂಪಿಸುತ್ತಾರೆ. ಹಗಿಯದನ್ನು ತಿಗರಿಯ ಮೇಲೆ ಎತ್ತುತ್ತಾರೆ. ಹಗಿಯ ಕುಂಬಾರಿಕೆಯ ಬೇರು ಕೊರಿಯಾದಲ್ಲಿದೆ. 1592ರಿಂದ 1598ರವರೆಗೆ, ಆಗ ಜಪಾನನ್ನು ಆಳುತ್ತಿದ್ದ ಹಿದೆಯೋಶಿ ಕೊರಿಯಾದ ಮೇಲೆ ನಡೆಸಿದ ಯುದ್ಧಗಳಲ್ಲಿ ಅನೇಕ ಕುಂಬಾರರನ್ನು ಜಪಾನಿಗೆ ಒಯ್ಯಲಾಯಿತು. ಯಿ ಜಾಕ್-ಗ್ವಾಂಗ್ ಮತ್ತು ಯಿ ಗ್ಯೊಂಗ್ ಎಂಬ ಅಣ್ಣತಮ್ಮಂದಿರು ಮೋರಿ ತೆರುಮೊತೊ ಎಂಬ ಅರಸನ ಆಶ್ರಯಕ್ಕೆ ಬಂದರು. ಸೆಕಿಗಹಾರಾ ಯುದ್ಧದ ಸೋಲಿನ ನಂತರ ತನ್ನ ಸೀಮೆಯ ಬಹುಭಾಗವನ್ನು ಕಳೆದುಕೊಂಡ ತೆರುಮೊತೊ 1604ರಲ್ಲಿ ಹಗಿಗೆ ಬಂದು ನೆಲೆಸಿದಾಗ ಇವರ ಆವಿಗೆಯೂ ಅಲ್ಲಿ ಹೊತ್ತಿಕೊಂಡಿತು. ತಮ್ಮನಿಗೆ ಮುಂದೆ ‘ಸಾಕಾ ಕೊರಾಯ್‌ಜಾಎಮೊನ್’ ಎಂಬ ಬಿರುದು ದೊರೆಯಿತು. ಆ ಹೆಸರಿನಲ್ಲಿಯೇ ಕೊರಿಯಾವನ್ನು ಸೂಚಿಸುವ ಪದವಿದೆ. ಸೆರೆಯಾಳುಗಳಂತೆ ಊರು ಬಿಟ್ಟು ಬಂದವರ ಕೈಯ ವಿದ್ಯೆಯಿಂದ ಹುಟ್ಟಿದ ಬಟ್ಟಲಿದು ಎಂಬುದನ್ನು ಇದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿಯುವಾಗ ನಾನು ಮರೆಯಲಾರೆ.

ಹಗಿಯವರು ಮುಖ್ಯವಾಗಿ ಬಳಸುವುದು ‘ದೈದೋ’ ಎಂಬ ಮರಳು ಮರಳಾದ ಜೇಡಿಮಣ್ಣನ್ನು; ಅದಕ್ಕೆ ಮಿತಾಕೆ ಮಣ್ಣನ್ನೂ, ಸಮುದ್ರದ ನಡುವಣ ಮಿಶಿಮಾ ದ್ವೀಪದ ಕಬ್ಬಿಣದಂಶವಿರುವ ಕೆಂಪು ಮಣ್ಣನ್ನೂ ಬೇಕಾದ ಹದಕ್ಕೆ ಬೆರೆಸುತ್ತಾರೆ. ಈ ಮಣ್ಣು ಆವಿಗೆಯಲ್ಲಿ ಬೆಂದರೂ ಪಿಂಗಾಣಿಯ ಹಾಗೆ ಗಟ್ಟಿಯಾಗಿ ಒಂದಾಗುವುದಿಲ್ಲ, ಒಳಗೆ ಸೂಕ್ಷ್ಮ ರಂಧ್ರಗಳು ಉಳಿದುಬಿಡುತ್ತವೆ. ಮೇಲಿನ ಗಾಜಿನಂಥ ಲೇಪವೂ ಒಳಗಿನ ಮಣ್ಣೂ ಆರುವಾಗ ಒಂದೇ ಪ್ರಮಾಣದಲ್ಲಿ ಕುಗ್ಗದೆ ಇರುವುದರಿಂದ ಲೇಪದ ತುಂಬ ಕೂದಲೆಳೆಯಂಥ ಬಿರುಕುಗಳ ಬಲೆ ಮೂಡುತ್ತದೆ. ಜಪಾನಿಯಲ್ಲಿ ಇದನ್ನು ‘ಕನ್ನ್ಯೂ’ ಎನ್ನುತ್ತಾರೆ. ಚಹಾ ಈ ಬಿರುಕುಗಳ ಮೂಲಕ ಮಣ್ಣಿಗೆ ಇಳಿಯುತ್ತದೆ. ಬಟ್ಟಲು ಹೊಸದಾಗಿದ್ದರೆ ಮಣ್ಣನ್ನೂ ದಾಟಿ ಹೊರಗೆ ಬರುತ್ತದೆ.

ನನಗೆ ಆದದ್ದೂ ಅದೇ. ಮೊದಲ ದಿನ ಮಾಚಾ ಎಂಬ ಹಸಿರು ಚಹಾ ಪುಡಿಯನ್ನು ಬಿಸಿನೀರಿನಲ್ಲಿ ಕಡೆದು ಕುಡಿದು ಬಟ್ಟಲನ್ನು ಎತ್ತಿದಾಗ, ಅದು ಕೂತಿದ್ದ ತಾತಾಮಿ ಚಾಪೆಯ ಮೇಲೆ ಬಟ್ಟಲಿನ ಪಾದದ, ಎಂದರೆ ತಳದ ಉಂಗುರದಂಥ ಅಂಚಿನ, ಅಳತೆಯ ಒದ್ದೆಯ ಬಳೆಯೊಂದು ಕಂಡಿತು. ಬೆರಳಿಟ್ಟು ನೋಡಿದರೆ ಬಟ್ಟಲಿನ ತಳ ಬೆವೆತಂತೆ ತಣ್ಣಗೆ ತೇವವಾಗಿತ್ತು. ಕೊಂಡ ಅಂಗಡಿಯಲ್ಲಿ ಕಾಗದ ಸುತ್ತಿ, ಪೆಟ್ಟಿಗೆಗೆ ದಾರ ಕಟ್ಟಿ ಬಹಳ ಮರ್ಯಾದೆಯಿಂದ ಕೊಟ್ಟರೇ ಹೊರತು, ಹೊಸತರಲ್ಲಿ ಹೀಗಾಗುತ್ತದೆಂದು ಒಂದು ಮಾತೂ ಹೇಳಿರಲಿಲ್ಲ. ಇಷ್ಟು ಬೆಲೆಯ ವಸ್ತುವಿನ ಜತೆಗೆ ಬಳಸುವ ಕ್ರಮ ತಿಳಿಸುವ ಒಂದು ಚೀಟಿಯನ್ನಾದರೂ ಇಡಬೇಕಿತ್ತು ಎಂಬ ಅಸಮಾಧಾನ ನನಗೆ ಇಂದಿಗೂ ಇದೆ.

ಆ ರಾತ್ರಿ ತೀರ್ಥಹಳ್ಳಿಯಲ್ಲಿರುವ ಅಮ್ಮನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿಕೊಂಡೆ. ಅಮ್ಮ ಒಂದು ಕ್ಷಣವೂ ಯೋಚಿಸದೆ, “ಹೊಸ ಮಡಕೆ ತಾನೇ ಅದು? ಅಕ್ಕಚ್ಚು ಹಾಕಿ ಪಳಗಿಸಿದ್ಯಾ?” ಎಂದು ಕೇಳಿದರು. ಮರುವಾರ ಗುರುಗಳ ಮುಂದೆ ವಿಷಯ ತೆಗೆದಾಗ ಅವರು ಹೇಳಿದ ಉಪಾಯವೂ ಅಕ್ಕಿ ತೊಳೆದ ನೀರೇ. ದಪ್ಪಗಿನ ಅಕ್ಕಚ್ಚನ್ನು ಪಾತ್ರೆಗೆ ಹಾಕಿ, ಬಟ್ಟಲನ್ನು ಪೂರ್ತಿ ಮುಳುಗಿಸಿ, ಸಣ್ಣ ಉರಿಯಲ್ಲಿ ನಿಧಾನವಾಗಿ ಕಾಯಿಸಿ, ಅದೇ ನೀರಿನಲ್ಲಿ ರಾತ್ರಿಯಿಡೀ ಆರಲು ಬಿಡಬೇಕು. ಅಕ್ಕಿಯ ಪಿಷ್ಟ ರಂಧ್ರಗಳಲ್ಲಿ ಕೂತು ಸೋರುವುದನ್ನು ತಡೆಯುತ್ತದೆ. ನಾನು ಹೀಗೆ ಎರಡು ಸಲ ಮಾಡಿದ ಮೇಲೆ ಸೋರುವುದು ಬಹಳ ಕಡಿಮೆಯಾಯಿತು. ಉಳಿದದ್ದು ಬಳಸುತ್ತ ಬಳಸುತ್ತ ಆರೇಳು ತಿಂಗಳಲ್ಲಿ ತಾನಾಗಿ ನಿಂತಿತು. ಆದರೆ ಇದನ್ನು ಮಾಡುವ ಮುನ್ನ ಬಟ್ಟಲನ್ನು ಮಾಡಿದವರನ್ನು ಒಮ್ಮೆ ಕೇಳುವುದು ಒಳ್ಳೆಯದು, ಏಕೆಂದರೆ ಕೆಲವು ಕುಂಬಾರರು ತಾವೇ ಒಳಗೆ ಸೋರದಂತೆ ಉಪಚಾರ ಮಾಡಿ ಕೊಡುತ್ತಾರೆ.

ದಿನದ ಬಳಕೆಯಲ್ಲಿ ಇದು ಕೇಳುವ ಶ್ರಮ ಸಣ್ಣದಲ್ಲ. ಪ್ರತಿ ಸಲವೂ ಚಹಾ ಮಾಡುವ ಮೊದಲು ಬಟ್ಟಲನ್ನು ಉಗುರು ಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ಮುಳುಗಿಸಿಡಬೇಕು. ಒಣಗಿದ ಬಟ್ಟಲನ್ನು ನೀರಿಗಿಳಿಸಿದರೆ ಪಾದದ ಬಳಿಯ ಲೇಪವಿಲ್ಲದ ಜಾಗದಿಂದ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಸಾಲುಗಟ್ಟಿ ಮೇಲೇಳುತ್ತವೆ. ಕಿವಿ ಹತ್ತಿರ ತಂದರೆ ಸಣ್ಣಗೆ ಸದ್ದೂ ಕೇಳಿಸುತ್ತದೆ. ಗುಳ್ಳೆ ನಿಂತಾಗ ಮಣ್ಣು ನೀರು ಕುಡಿದು ತಣಿದಿದೆ ಎಂದರ್ಥ. ಆಗ ಚಹಾ ಒಮ್ಮೆಲೇ ಒಳಗಿಳಿದು ಕಲೆ ಕಟ್ಟುವುದಿಲ್ಲ. ಬಳಸಿದ ಮೇಲೆ ಬರೀ ನೀರಿನಲ್ಲಿ ಕೈಯಿಂದ ತೊಳೆಯಬೇಕು. ಸೋಪು ಹಾಕಿದರೆ ಅದರ ವಾಸನೆಯನ್ನೂ ಮಣ್ಣು ಹೀರಿಕೊಳ್ಳುತ್ತದೆ. ಮೈಕ್ರೋವೇವ್, ಪಾತ್ರೆ ತೊಳೆಯುವ ಯಂತ್ರ ಎರಡೂ ಕೂಡದು. ಎಲ್ಲಕ್ಕಿಂತ ಮುಖ್ಯವಾದುದು ಒಣಗಿಸುವುದು. ಹೊರಗೆ ಮುಟ್ಟಿದರೆ ಒಣಗಿದಂತೆ ಕಂಡರೂ ಒಳಗಿನ ತೇವ ಹಲವು ದಿನ ಉಳಿದಿರುತ್ತದೆ.

ಇದನ್ನು ನಾನು ಕಲಿತದ್ದು ಬಟ್ಟಲಿಗೆ ಪೆಟ್ಟಾದ ಮೇಲೆ. 2018ರ ಜುಲೈ ಮೊದಲ ವಾರ ಹಿರೋಶಿಮಾ ಸುತ್ತಮುತ್ತ ಭೀಕರ ಮಳೆ ಸುರಿದು ಗುಡ್ಡಗಳು ಕುಸಿದು ಅನೇಕರು ಪ್ರಾಣ ಕಳೆದುಕೊಂಡರು. ಅದಕ್ಕೆ ಒಂದೆರಡು ದಿನ ಮೊದಲು ಬಳಸಿದ್ದ ಬಟ್ಟಲನ್ನು ಮರುದಿನವೇ ಪೆಟ್ಟಿಗೆಗೆ ಸೇರಿಸಿದ್ದೆ. ಆಮೇಲೆ ಪಾಠಗಳು ನಿಂತವು, ಮನಸ್ಸೂ ಚಹಾದ ಕಡೆ ಹೋಗಲಿಲ್ಲ. ಆರು ವಾರಗಳ ನಂತರ ಮುಚ್ಚಳ ತೆಗೆದಾಗ ಒದ್ದೆ ಗೋಣಿಚೀಲದ ವಾಸನೆ ಬಂತು, ಪಾದದ ಮೇಲ್ಭಾಗದಲ್ಲಿ ಬೂದು ಬಣ್ಣದ ಬೂಷ್ಟು ಹಿಡಿದಿತ್ತು. ತಣ್ಣೀರಿನಲ್ಲಿ ಮುಳುಗಿಸಿ ನಿಧಾನವಾಗಿ ಕುದಿಸಿ, ಅದರಲ್ಲೇ ಆರಿಸಿ, ಗಾಳಿಯಾಡುವ ನೆರಳಿನಲ್ಲಿ ಹತ್ತು ದಿನ ಒಣಗಿಸಿದೆ. ಎರಡು ಬಾರಿ ಹೀಗೆ ಮಾಡಿದ ಮೇಲೆ ವಾಸನೆ ಹೋಯಿತು. ಹೆಬ್ಬೆರಳಿನ ಉಗುರಿನಷ್ಟು ಅಗಲದ ಬೂದು ಕಲೆ ಮಾತ್ರ ಇವತ್ತಿಗೂ ಇದೆ. ಅಂದಿನಿಂದ ಬಟ್ಟಲು ಕನಿಷ್ಠ ಒಂದು ವಾರ ಬುಟ್ಟಿಯಲ್ಲಿ ಬೋರಲಾಗಿ ಕೂರದೆ ಪೆಟ್ಟಿಗೆ ಸೇರುವುದಿಲ್ಲ, ಮಳೆಗಾಲದಲ್ಲಂತೂ ಪೆಟ್ಟಿಗೆಯ ಮಾತೇ ಇಲ್ಲ.

ಇನ್ನು ಬಣ್ಣದ ವಿಷಯ. ‘ಹಗಿ ನೊ ನಾನಾಬಾಕೆ’, ಎಂದರೆ ಹಗಿಯ ಏಳು ರೂಪಾಂತರ, ಎಂಬ ಮಾತನ್ನು ಅಂಗಡಿಯವರೆಲ್ಲ ಹೇಳುತ್ತಾರೆ. ಕೊಳ್ಳುವಾಗ ಅದು ಮಾರಾಟದ ಮಾತಿನಂತೆಯೇ ಕೇಳಿಸಿತ್ತು. ನನ್ನ ಬಟ್ಟಲು ಆಗ ಒಂದು ಪಕ್ಕ ಲೋಕಾಟ್ ಹಣ್ಣಿನ ತೆಳು ಹಳದಿ-ಕೇಸರಿ, ಇನ್ನೊಂದು ಪಕ್ಕ ಹಾಲು ಬಿಳುಪು ಇತ್ತು, ಬಿರುಕುಗಳು ಬೆಳಕಿಗೆ ಹಿಡಿದರಷ್ಟೇ ಕಾಣುತ್ತಿದ್ದವು. ಮೊದಲ ಬದಲಾವಣೆ ಕಂಡದ್ದು ಒಳಗೆ, ಚಹಾ ಕೊನೆಗೆ ಬಂದು ನಿಲ್ಲುವ ನಡುತಗ್ಗಿನಲ್ಲಿ. ಒಂದು ವರ್ಷದ ಹೊತ್ತಿಗೆ ಅಲ್ಲಿಯ ಬಿರುಕುಗಳು ಜೇಡರ ಬಲೆಯ ಹಾಗೆ ಕಂದು ಗೆರೆಗಳಾಗಿ ಎದ್ದು ಬಂದಿದ್ದವು. ಮೂರನೆಯ ವರ್ಷ ಆ ಗೆರೆಗಳು ಗೋಡೆಯ ಮೇಲೇರಿ ತುಟಿ ಇಡುವ ಅಂಚನ್ನು ಮುಟ್ಟಿದವು. ಈಗ ಬಿಳಿಯ ಪಕ್ಕ ಹಳೆಯ ದಂತದ ಬಣ್ಣಕ್ಕೆ ತಿರುಗಿದೆ. ನಾನು ಪ್ರತಿ ಸಲ ಬಲಗೈ ಹೆಬ್ಬೆರಳನ್ನು ಇಡುವ ಜಾಗದಲ್ಲಿ ನಸುಗೆಂಪು ಮಬ್ಬೊಂದು ಮೂಡಿದೆ. ಅಂಥದ್ದನ್ನು ಯಾವ ಕುಂಬಾರನೂ ಮಾಡಿ ಕೊಡಲಾರ. ಬಟ್ಟಲು ಹೀಗೆ ಚಹಾಕ್ಕೆ ಒಗ್ಗುವುದಕ್ಕೆ ಜಪಾನಿಯಲ್ಲಿ ‘ಚಾನಾರೆ’ ಎನ್ನುತ್ತಾರೆ. ನಮ್ಮ ‘ಪಳಗುವುದು’ ಎಂಬ ಮಾತು ಅದಕ್ಕೆ ಸರಿಯಾಗಿ ಹೊಂದುತ್ತದೆ.

ಕೆಲಸದ ಪಾತ್ರೆಯಾಗಿಯೂ ಇದು ಬಹಳ ಒಳ್ಳೆಯದು. ಒಳತಳ ಅಗಲವಾಗಿರುವುದರಿಂದ ಬಿದಿರಿನ ಕಡೆಗೋಲು ‘ಚಾಸೆನ್’ ಗೋಡೆಗೆ ತಗಲದೆ ಓಡಾಡುತ್ತದೆ. ಎರಡು ಗ್ರಾಂನಷ್ಟು ಮಾಚಾ ಪುಡಿಗೆ ಎಪ್ಪತ್ತು ಮಿಲಿಲೀಟರ್ ಬಿಸಿನೀರು ಹಾಕಿ ಕಡೆದರೆ ನೊರೆ ಸಮನಾಗಿ ಏಳುತ್ತದೆ. ದಪ್ಪ, ರಂಧ್ರಮಯ ಗೋಡೆ ಬಿಸಿಯನ್ನು ನಿಧಾನವಾಗಿ ಬಿಡುವುದರಿಂದ ಅಂಗೈ ಸುಡುವುದಿಲ್ಲ, ಚಹಾವೂ ಬೇಗ ಆರುವುದಿಲ್ಲ. ಗುರುಗಳ ಮನೆಯ ಪಿಂಗಾಣಿ ಬಟ್ಟಲಿನಲ್ಲಿ ಕುಡಿಯುವಾಗ ಬಿಸಿ ಥಟ್ಟನೆ ಬೆರಳಿಗೆ ತಾಗುತ್ತದೆ. ಇದರಲ್ಲಿ ಎರಡು ಗುಟುಕಿನ ನಂತರ ಬೆಚ್ಚಗಾಗುತ್ತ ಬರುತ್ತದೆ. ನವೆಂಬರಿನಿಂದ ಏಪ್ರಿಲ್‌ವರೆಗೆ, ನೆಲದೊಲೆಯ ಕಾಲದಲ್ಲಿ, ಇದಕ್ಕಿಂತ ಹಿತವಾದ ಬಟ್ಟಲನ್ನು ನಾನು ಹಿಡಿದಿಲ್ಲ. ಬೇಸಿಗೆಗೆ ಮಾತ್ರ ಇದು ಹೇಳಿಸಿದ್ದಲ್ಲ.

ಪಾದದಲ್ಲಿ ಒಂದು ಕಡೆ ಬೇಕೆಂದೇ ಕೊರೆದ ಕಚ್ಚು ಇದೆ. ಅರಸನಿಗೆ ಮೀಸಲಾದ ಬಟ್ಟಲನ್ನು ‘ಊನ’ ಮಾಡಿ ಜನಸಾಮಾನ್ಯರಿಗೆ ಮಾರಲು ಹೀಗೆ ಕತ್ತರಿಸುತ್ತಿದ್ದರೆಂಬ ಕಥೆಯನ್ನು ಹಗಿಯಲ್ಲಿ ಎಲ್ಲರೂ ಹೇಳುತ್ತಾರೆ. ಅದಕ್ಕೂ ಹಿಂದಿನ ಕೊರಿಯಾದ ಬಟ್ಟಲುಗಳಲ್ಲೇ ಕಚ್ಚುಳ್ಳ ಪಾದ ಇರುವುದರಿಂದ ನನಗೆ ಆ ಕಥೆಯಲ್ಲಿ ನಂಬಿಕೆಯಿಲ್ಲ.

ದಿನಕ್ಕೆ ಹತ್ತು ಸಲ ಚಹಾ ಕುಡಿದು ಪಾತ್ರೆಯನ್ನು ಸಿಂಕಿನಲ್ಲಿ ಬಿಡುವ ಮನೆಗೆ ಈ ಬಟ್ಟಲು ಬೇಡ. ಕೊಂಡ ದಿನದ ರೂಪವೇ ಕೊನೆಯವರೆಗೂ ಉಳಿಯಬೇಕೆನ್ನುವವರು ಪಿಂಗಾಣಿಯನ್ನೇ ಆರಿಸಿಕೊಳ್ಳಲಿ. ಕೊಳ್ಳುವವರು ಸಾಧ್ಯವಾದರೆ ಹಗಿಗೇ ಹೋಗಿ, ಎರಡೂ ಕೈಯಲ್ಲಿ ಎತ್ತಿ, ಬೋರಲು ಹಾಕಿ ಪಾದವನ್ನು ನೋಡಿ ಕೊಳ್ಳಬೇಕು. ಲೇಪವಿಲ್ಲದ ಆ ಜಾಗದಲ್ಲೇ ಮಣ್ಣು ಎಂಥದ್ದೆಂದು ತಿಳಿಯುತ್ತದೆ. ಮೇ ತಿಂಗಳ ಮೊದಲ ದಿನಗಳಲ್ಲಿ ಅಲ್ಲಿ ಹಗಿ ಮಡಕೆಗಳ ಉತ್ಸವ ನಡೆಯುತ್ತದೆ, ಆಗ ಹಲವು ಆವಿಗೆಗಳ ಕೆಲಸವನ್ನು ಒಂದೇ ಕಡೆ ಹೋಲಿಸಿ ನೋಡಬಹುದು. ಸೋರುತ್ತದೆಯೇ, ಅಕ್ಕಚ್ಚಿನಲ್ಲಿ ಪಳಗಿಸಬಹುದೇ ಎಂದು ಸಂಕೋಚವಿಲ್ಲದೆ ಕೇಳಿ. ಕುಂಬಾರರ ಸಹಿಯಿರುವ ಮರದ ಪೆಟ್ಟಿಗೆಯನ್ನು ಎಸೆಯಬೇಡಿ, ಅದಿಲ್ಲದೆ ಬಟ್ಟಲಿನ ಬೆಲೆ ಬಹಳ ಇಳಿಯುತ್ತದೆ. ನಾನು ಮುಂದಿನ ಮೇ ತಿಂಗಳಲ್ಲಿ ಈ ಬಟ್ಟಲು ಬೆಂದ ಆವಿಗೆಗೇ ಹೋಗಿ, ಬೇಸಿಗೆಗೆಂದು ಬಾಯಿ ಅಗಲವಾದ, ಆಳ ಕಡಿಮೆಯ ‘ಹಿರಾಜವಾನ್’ ಒಂದನ್ನು ಕೊಳ್ಳಲು ಹಣ ಎತ್ತಿಟ್ಟಿದ್ದೇನೆ.