ಒಂದೇ ಮಷೀನು, ನಾಲ್ಕು ವರ್ಷ: 75 ಜಿಎಸ್‌ಎಂ ಪೇಪರಿನ ಬಗ್ಗೆ ಒಬ್ಬ ಜೆರಾಕ್ಸ್ ಅಂಗಡಿಯವನ ಅನುಭವ

ತುಮಕೂರಿನಲ್ಲಿ ಡಿಸಿ ಆಫೀಸಿಗೆ ನಡೆದು ಹೋಗುವಷ್ಟು ದೂರದಲ್ಲಿ ನನ್ನದೊಂದು ಚಿಕ್ಕ ಜೆರಾಕ್ಸ್ ಅಂಗಡಿ ಇದೆ. 2021ರ ಜುಲೈನಲ್ಲಿ ಸೆಕೆಂಡ್‌ಹ್ಯಾಂಡ್ ಕಾಪಿಯರ್ ಒಂದನ್ನು ತಂದು ಹಾಕಿದೆ. ಪಹಣಿ, ಆಧಾರ್, ಅಂಕಪಟ್ಟಿ, ಕೋರ್ಟಿನ ಕಾಗದ, ಹುಡುಗರ ನೋಟ್ಸು ಎಲ್ಲ ಸೇರಿ ದಿನಕ್ಕೆ ಹೆಚ್ಚುಕಡಿಮೆ ಒಂದು ರೀಮ್, ಅಂದರೆ 500 ಹಾಳೆಯ ಕಟ್ಟು, ಖರ್ಚು. ನಾಲ್ಕು ವರ್ಷಕ್ಕೆ ಆರು ಲಕ್ಷ ಪ್ರತಿ ನನ್ನ ಕೈಯಲ್ಲೇ ಹೋಗಿವೆ. ಮಷೀನಿನ ಬಗ್ಗೆ ಬರೆಯುವವರು ಬಹಳ ಜನ ಇದ್ದಾರೆ. ನಾನು ಬರೆಯುತ್ತಿರುವುದು ಅದರ ಹೊಟ್ಟೆಗೆ ಹಾಕುವ ಪೇಪರಿನ ಬಗ್ಗೆ.

ಮೊದಲ ಒಂದು ವರ್ಷ ಜೆಕೆ ಕಾಪಿಯರ್ ಅನ್ನುವ ಬ್ರ್ಯಾಂಡಿನ 75 ಜಿಎಸ್‌ಎಂ ಪೇಪರ್ ಹಾಕುತ್ತಿದ್ದೆ (ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ). ಏನೂ ತೊಂದರೆ ಇರಲಿಲ್ಲ. ತೊಂದರೆ ಇಲ್ಲದ ಕಾರಣಕ್ಕೇ ಪೇಪರು ಅನ್ನುವುದು ಒಂದು ವಿಷಯ ಅಂತ ನನ್ನ ತಲೆಗೆ ಬಂದಿರಲಿಲ್ಲ. 2022ರ ಮಳೆಗಾಲದ ಹೊತ್ತಿಗೆ ಲೈನ್‌ನಲ್ಲಿ ಬರುವ ಒಬ್ಬ ವ್ಯಾಪಾರಿ ಬೇರೊಂದು ಪೇಪರ್ ತೋರಿಸಿದ. ಕವರ್ ಮೇಲೆ 75 ಜಿಎಸ್‌ಎಂ ಅಂತಲೇ ಇತ್ತು, ನೋಡಲು ಇನ್ನೂ ಬೆಳ್ಳಗೆ, ರೀಮಿಗೆ ಮೂವತ್ತು ರೂಪಾಯಿ ಕಮ್ಮಿ. ತಿಂಗಳಿಗೆ ಇಪ್ಪತ್ತಾರು ರೀಮ್ ಲೆಕ್ಕ ಹಾಕಿದರೆ ಕರೆಂಟ್ ಬಿಲ್ಲಿನ ಅರ್ಧ ಅದರಲ್ಲೇ ಹೊರಡುತ್ತಿತ್ತು. ತಗೊಂಡೆ.

ಆ ವರ್ಷ ಮಳೆ ಬಿಟ್ಟೂಬಿಡದೆ ಹೊಡೆಯುತ್ತಿತ್ತು. ಹದಿನೈದು ದಿನದೊಳಗೆ ಜಾಮ್ ಶುರುವಾಯಿತು. ಮೊದಲು ದಿನಕ್ಕೆ ಎರಡು ಮೂರು, ಆಮೇಲೆ ರೀಮಿಗೆ ಹತ್ತು ಹದಿನೈದು ಹಾಳೆ ಕಸದ ಬುಟ್ಟಿಗೆ. ಎರಡು ಹಾಳೆ ಅಂಟಿಕೊಂಡು ಒಟ್ಟಿಗೆ ಹೋಗುವುದು, ಅರ್ಧ ದಾರಿಯಲ್ಲಿ ಮಡಚಿಕೊಳ್ಳುವುದು, ಹೊರಗೆ ಬಂದದ್ದು ಬಿಸಿಲಿಗಿಟ್ಟ ಹಪ್ಪಳದ ಹಾಗೆ ಸುರುಳಿ. ಜೊತೆಗೆ ಅಕ್ಷರ ಅಲ್ಲಲ್ಲಿ ಮಾಸಿದಂತೆ ಬೀಳುತ್ತಿತ್ತು. ಟೋನರ್, ಅಂದರೆ ಅಕ್ಷರ ಮೂಡಿಸುವ ಕಪ್ಪು ಪುಡಿ, ಸರಿಯಿಲ್ಲ ಅಂದುಕೊಂಡು ಅರ್ಧ ಉಳಿದಿದ್ದ ಟೋನರ್ ತೆಗೆದು ಹೊಸದು ಹಾಕಿದೆ. ಏನೂ ಬದಲಾಗಲಿಲ್ಲ.

ಆ ದಿನಗಳಲ್ಲೇ ಪಾವಗಡ ಕಡೆಯ ಒಬ್ಬ ಯಜಮಾನರು ಬಂದು ಪಹಣಿ ಜೆರಾಕ್ಸ್ ಮಾಡಿಸಿಕೊಂಡು ಹೋದರು. ಒಂದು ಗಂಟೆ ಬಿಟ್ಟು ಅದೇ ಕಾಗದ ಹಿಡಿದು ವಾಪಸ್ ಬಂದರು. "ನೋಡಪ್ಪಾ, ಸರ್ವೆ ನಂಬರೇ ಸರಿಯಾಗಿ ಕಾಣಲ್ಲ ಅಂದ್ರು. ಇನ್ನೊಂದ್ಸಲ ಮಾಡ್ಕೊಡು. ಸಂಜೆ ಬಸ್ಸು ತಪ್ಪಿದ್ರೆ ನಂಗೆ ಊರಿಲ್ಲ." ಕಾಗದ ಇಸಕೊಂಡು ನೋಡಿದೆ. ಸರ್ವೆ ನಂಬರಿನ ಎರಡನೇ ಅಂಕಿ ಮೂರೋ ಎಂಟೋ ಗೊತ್ತಾಗುವಂತಿರಲಿಲ್ಲ. ಸುಮಾರು ನೂರು ಕಿಲೋಮೀಟರ್ ದೂರದಿಂದ ಬಂದ ಮನುಷ್ಯ, ನನ್ನ ಮೂವತ್ತು ರೂಪಾಯಿ ಉಳಿತಾಯಕ್ಕೆ ಸಾಲಿನಲ್ಲಿ ಎರಡು ಸಲ ನಿಂತರು. ಮೂಲೆಯಲ್ಲಿ ಉಳಿದಿದ್ದ ಹಳೇ ಪೇಪರಿನ ಒಂದು ರೀಮ್ ಒಡೆದು ಅದರಲ್ಲಿ ಮಾಡಿಕೊಟ್ಟೆ. ಅದೇ ಮಷೀನು, ಅದೇ ಟೋನರು, ಅಚ್ಚುಕಟ್ಟಾಗಿ ಬಂತು. ಯಜಮಾನರು ದುಡ್ಡು ಕೊಡಲು ಬಂದರು, ನಾನು ತಗೊಳ್ಳಲಿಲ್ಲ. ಆವತ್ತು ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ.

ಮಾರನೇ ದಿನ ಸರ್ವಿಸ್ ಹುಡುಗನನ್ನು ಕರೆಸಿದೆ. ಅವನು ಟ್ರೇ ಎಳೆದು, ಹಾಳೆಯನ್ನು ಒಳಗೆ ಎಳೆದುಕೊಳ್ಳುವ ಪಿಕಪ್ ರೋಲರ್ ಬಿಚ್ಚಿ, ಕಪ್ಪು ಬಟ್ಟೆಯ ಮೇಲೆ ಒಂದು ಸಲ ಉಜ್ಜಿದ. ಬಟ್ಟೆ ಮೇಲೆ ರಂಗೋಲಿ ಪುಡಿ ಎಳೆದಂತೆ ಬಿಳಿ ಗೆರೆ. "ಅಣ್ಣಾ, ಇದು ಟೋನರ್ ಅಲ್ಲ, ಪೇಪರ್ ಧೂಳು. ರಬ್ಬರ್ ಮೇಲೆ ಇಷ್ಟು ಕೂತರೆ ಹಾಳೆ ಹಿಡಿಯೋದು ಹೇಗೆ?" ಅಂದ. ಹೊಸ ರೀಮಿನ ಅಂಚನ್ನು ಬೆರಳಲ್ಲಿ ಸವರಿ ತೋರಿಸಿದ. ಒಳ್ಳೆ ಪೇಪರಿನ ಅಂಚು ನುಣ್ಣಗಿರುತ್ತದೆ. ಇದು ಮೊಂಡು ಕತ್ತಿಯಲ್ಲಿ ಕತ್ತರಿಸಿದ ಹಾಗೆ ತರಿತರಿ, ಬೆರಳಿಗೆ ನಾರು ಹತ್ತುತ್ತಿತ್ತು. ಪೇಪರ್ ಬೆಳ್ಳಗೆ, ನುಣ್ಣಗೆ ಬರಲಿ ಅಂತ ಮಿಲ್ಲಿನಲ್ಲಿ ಸುಣ್ಣದ ಕಲ್ಲಿನ ಜಾತಿಯ ಪುಡಿ ಸೇರಿಸುತ್ತಾರೆ. ಅದು ನಾರಿನೊಳಗೆ ಗಟ್ಟಿಯಾಗಿ ಹಿಡಿದುಕೊಂಡಿರಬೇಕು. ಇಲ್ಲದಿದ್ದರೆ ಉದುರಿ ರೋಲರ್ ಮೇಲೆ ಕೂರುತ್ತದೆ, ಅಕ್ಷರ ಮೊದಲು ಮೂಡುವ ಡ್ರಮ್ ಅನ್ನುವ ಉರುಳೆಯನ್ನು ಒರೆಸುವ ಬ್ಲೇಡಿನ ಕೆಳಗೆ ಸೇರಿಕೊಂಡು ಡ್ರಮ್ಮನ್ನೇ ಗೀಚುತ್ತದೆ. ಪ್ರತಿಯ ಮೇಲೆ ಉದ್ದಕ್ಕೆ ಸಣ್ಣ ಕಪ್ಪು ಗೆರೆ ಬರತೊಡಗಿದರೆ ಬಹಳ ಸಲ ಕಾರಣ ಇದೇ.

ಅಕ್ಷರ ಮಾಸುವುದಕ್ಕೆ ಕಾರಣ ಬೇರೆ, ಅದು ತೇವ. ಕಾಪಿಯರ್ ಒಳಗೆ ಟೋನರ್ ಪುಡಿ ಡ್ರಮ್ಮಿಂದ ಹಾಳೆಗೆ ಬರುವುದು ವಿದ್ಯುತ್ತಿನ ಸೆಳೆತದಿಂದ. ಹಾಳೆಯ ಹಿಂಬದಿಗೆ ಚಾರ್ಜ್ ಕೊಟ್ಟು ಪುಡಿಯನ್ನು ಎಳೆಯುತ್ತಾರೆ. ಹಾಳೆ ಥಂಡಿ ಹಿಡಿದಿದ್ದರೆ ಆ ಚಾರ್ಜ್ ಅದರಲ್ಲೇ ಹರಿದು ಸೋರಿಹೋಗುತ್ತದೆ, ಪುಡಿ ಅರ್ಧಂಬರ್ಧ ಬರುತ್ತದೆ. ಆಮೇಲೆ ಅದೇ ಹಾಳೆ 180 ಡಿಗ್ರಿ ಆಸುಪಾಸು ಕಾದ ಹೀಟಿಂಗ್ ರೋಲರ್ ನಡುವೆ ನುಗ್ಗಬೇಕು. ಒಳಗಿನ ನೀರು ಆವಿಯಾಗಿ ಒಂದು ಮಗ್ಗುಲು ಬೇಗ ಒಣಗುತ್ತದೆ, ಹಾಳೆ ಸುರುಳಿ ಸುತ್ತಿಕೊಳ್ಳುತ್ತದೆ. ಎರಡೂ ಬದಿ ಪ್ರಿಂಟ್ ತೆಗೆಯುವಾಗ ಆ ಸುರುಳಿ ಹಾಳೆ ಇನ್ನೊಂದು ಸಲ ಒಳಗೆ ಹೋಗಬೇಕಲ್ಲ, ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಹುಡುಗ ಹೋದ ಮೇಲೆ ನನಗೊಂದು ಅನುಮಾನ ಬಂತು. ಎ4 ಹಾಳೆ ಅಂದರೆ ಒಂದು ಚದರ ಮೀಟರಿನ ಹದಿನಾರನೇ ಒಂದು ಭಾಗ. 75 ಜಿಎಸ್‌ಎಂ ಅಂದರೆ ಚದರ ಮೀಟರಿಗೆ 75 ಗ್ರಾಂ. ಹಾಗಾದರೆ 500 ಹಾಳೆಯ ರೀಮ್ 2 ಕೆಜಿ 340 ಗ್ರಾಂ ತೂಗಬೇಕು. ಪಕ್ಕದ ದಿನಸಿ ಅಂಗಡಿಯ ತಕ್ಕಡಿ ಮೇಲೆ ಇಟ್ಟೆ. ಕವರೂ ಸೇರಿ 2 ಕೆಜಿ 140 ಗ್ರಾಂ. ಕೂತು ಎಣಿಸಿದೆ. 491 ಹಾಳೆ. ಹಾಳೆಯೂ ಕಮ್ಮಿ, ದಪ್ಪವೂ ಕಮ್ಮಿ. ಕವರಿನ ತೂಕ ಕಳೆದು ಲೆಕ್ಕ ಹಾಕಿದರೆ 69 ಜಿಎಸ್‌ಎಂ ಕೂಡ ಮುಟ್ಟುತ್ತಿರಲಿಲ್ಲ. ಹೆಸರು ಬರೆಯುವುದಿಲ್ಲ, ಆ ಬ್ರ್ಯಾಂಡು ಈಗ ನಮ್ಮ ಕಡೆ ಕಾಣುತ್ತಲೂ ಇಲ್ಲ. ಆದರೆ ಇದನ್ನು ಓದುವ ಪ್ರತಿ ಅಂಗಡಿಯವರೂ ಹೊಸ ಪೇಪರ್ ತಗೊಂಡಾಗ ಒಂದು ರೀಮನ್ನಾದರೂ ತಕ್ಕಡಿಗೆ ಹಾಕಿ ನೋಡಿ ಅಂತ ಕೈಮುಗಿದು ಕೇಳುತ್ತೇನೆ. 80 ಜಿಎಸ್‌ಎಂ ಆದರೆ ಎರಡೂವರೆ ಕೆಜಿ, 70 ಆದರೆ 2 ಕೆಜಿ 190 ಗ್ರಾಂ.

ಮೂರು ತಿಂಗಳ ಲೆಕ್ಕ ನನ್ನ ಪುಸ್ತಕದಲ್ಲಿ ಇನ್ನೂ ಇದೆ. 78 ರೀಮಿನಲ್ಲಿ ಉಳಿದದ್ದು 2,340 ರೂಪಾಯಿ. ಸರ್ವಿಸ್‌ಗೆ ಮೂರು ಸಲ ಕೊಟ್ಟದ್ದು 1,500, ರೋಲರ್ ಸೆಟ್ 900, ಕಸಕ್ಕೆ ಹೋದ ಹಾಳೆಗಳೇ ಐನೂರು ರೂಪಾಯಿಯ ಹತ್ತಿರ. ಅಲ್ಲಿಗೇ ಕೈಯಿಂದ ಹೋಯಿತು. ಇದರ ಮೇಲೆ, ವರ್ಷ ಬರಬೇಕಿದ್ದ ಡ್ರಮ್ಮು ಬ್ಲೇಡು ಐದೇ ತಿಂಗಳಿಗೆ ಬದಲಾಯಿಸಿದೆ.

ವಾಪಸ್ ಜೆಕೆ ಕಾಪಿಯರ್‌ಗೆ ಬಂದೆ. ಅದು ಸಿಗದಿದ್ದಾಗ ದಾಂಡೇಲಿಯ ವೆಸ್ಟ್ ಕೋಸ್ಟ್ ಮಿಲ್ಲಿನ 75 ಜಿಎಸ್‌ಎಂ. ಎರಡೂ ನನ್ನ ಮಷೀನಿನಲ್ಲಿ ಒಂದೇ ಸಮ ಓಡಿವೆ, ರೀಮಿಗೆ ಒಂದು ಜಾಮ್ ಆದರೆ ಹೆಚ್ಚು. ಭದ್ರಾವತಿಯ ಎಂಪಿಎಂ ಕಾಗದದ ನೋಟ್‌ಬುಕ್ಕಿನಲ್ಲಿ ಬರೆದು ಓದಿದವನು ನಾನು. ಆ ಮಿಲ್ಲು ನಿಂತದ್ದು ಈಗಲೂ ಬೇಜಾರು. ನಮ್ಮ ರಾಜ್ಯದಲ್ಲೇ ತಯಾರಾದ ಪೇಪರ್ ಟ್ರೇಗೆ ಹಾಕುವಾಗ ಒಂದು ಸಮಾಧಾನ ಇರುತ್ತದೆ, ಅದನ್ನೂ ಹೇಳಿಬಿಡುತ್ತೇನೆ. ತಮಿಳುನಾಡಿನ ಟಿಎನ್‌ಪಿಎಲ್ ಮಿಲ್ಲಿನ ಪೇಪರನ್ನೂ ಕೆಲವು ತಿಂಗಳು ಹಾಕಿದ್ದೇನೆ. ಅವರು ಕಬ್ಬು ಅರೆದ ಮೇಲೆ ಉಳಿಯುವ ಸಿಪ್ಪೆಯಿಂದ ಕಾಗದ ಮಾಡುತ್ತಾರೆ ಅಂತ ಕೇಳಿ ಧೂಳು ಜಾಸ್ತಿ ಇರಬಹುದು ಅಂದುಕೊಂಡಿದ್ದೆ. ಹಾಗೇನೂ ಆಗಲಿಲ್ಲ, ಚೆನ್ನಾಗಿ ನಡೆಯಿತು.

70 ಜಿಎಸ್‌ಎಂ ಎಲ್ಲ ಕೆಟ್ಟದ್ದು ಅಂತ ತಿಳಿಯಬೇಡಿ. ಒಳ್ಳೆ ಮಿಲ್ಲಿನ 70 ಆದರೆ ಒಂದು ಬದಿಯ ನೋಟ್ಸಿಗೆ ಧಾರಾಳ ಸಾಕು. ಎರಡೂ ಬದಿ ತೆಗೆದರೆ ಹಿಂದಿನ ಅಕ್ಷರ ಮುಂದಕ್ಕೆ ಕಾಣುತ್ತದೆ, ಅಷ್ಟೇ. ವಕೀಲರ ಕೆಲಸಕ್ಕೆ ಮಾತ್ರ ನಾನು 75ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಸುಪ್ರೀಂ ಕೋರ್ಟೇ 2020ರಲ್ಲಿ ಎ4 ಹಾಳೆ, ಎರಡೂ ಬದಿ ಪ್ರಿಂಟು, 75 ಜಿಎಸ್‌ಎಂಗೆ ಕಮ್ಮಿ ಇರಬಾರದು ಅಂತ ಹೇಳಿದೆ. ಇನ್ನು ಬಿಳುಪು ನೋಡಿ ಮೋಸ ಹೋಗಬೇಡಿ. ಆ ನೀಲಿ ಹೊಳಪು ಬಟ್ಟೆಗೆ ನೀಲಿ ಹಾಕಿದ ಹಾಗೆ, ಹೊಳಪಿನ ರಾಸಾಯನಿಕದಿಂದ ಬರುವುದು. ಮಷೀನಿಗೆ ಅದರಿಂದ ಏನೂ ಆಗಬೇಕಾಗಿಲ್ಲ.

ಒಳ್ಳೆ ಪೇಪರ್ ತಂದು ಕೆಟ್ಟದಾಗಿ ಇಟ್ಟರೂ ಅದೇ ಪಾಡು. ಮೊದಲು ಬಂಡಲ್‌ಗಳನ್ನು ನೆಲದ ಮೇಲೆ ಗೋಡೆಗೆ ಒರಗಿಸಿ ಇಡುತ್ತಿದ್ದೆ, ಈಗ ಮರದ ಹಲಗೆ ಮೇಲೆ, ಗೋಡೆಯಿಂದ ಒಂದು ಗೇಣು ದೂರ. ರೀಮಿನ ಕವರ್ ಒಳಗಡೆ ತೇವ ತಡೆಯುವ ಪದರ ಇರುತ್ತದೆ, ಹಾಗಾಗಿ ಬೇಕಾದಾಗಲೇ ಒಡೆಯುತ್ತೇನೆ. ಮಳೆಗಾಲದಲ್ಲಿ ಅಂಗಡಿ ಮುಚ್ಚುವಾಗ ಟ್ರೇಯಲ್ಲಿ ಉಳಿದ ಹಾಳೆ ತೆಗೆದು ಅದೇ ಕವರಿಗೆ ಹಾಕಿ, ಮೇಲೊಂದು ಪ್ಲಾಸ್ಟಿಕ್ ಚೀಲ ಸುತ್ತುತ್ತೇನೆ. ಕೆಲವು ಕವರ್ ಮೇಲೆ ಬಾಣದ ಗುರುತಿರುತ್ತದೆ, ಯಾವ ಮುಖಕ್ಕೆ ಮೊದಲು ಪ್ರಿಂಟ್ ತೆಗೆಯಬೇಕು ಅನ್ನುವುದಕ್ಕೆ. ಅದನ್ನು ನೋಡಿ ಹಾಕಿದ ಮೇಲೆ ಸುರುಳಿ ಎಷ್ಟೋ ಕಮ್ಮಿಯಾಯಿತು. ಎರಡು ವರ್ಷ ಆ ಗುರುತನ್ನು ನೋಡಿಯೂ ಗಮನಿಸಿರಲಿಲ್ಲ.

ಮಾರ್ಚ್, ಏಪ್ರಿಲ್‌ನಲ್ಲಿ ಮಾತ್ರ ಎಷ್ಟೇ ಒಳ್ಳೆ ಪೇಪರ್ ಆದರೂ ಒಂದಕ್ಕೊಂದು ಅಂಟಿಕೊಂಡು ಎರಡೆರಡು ಹೋಗುತ್ತವೆ. ಒಣ ಹವೆಗೆ ಹಾಳೆಗಳ ನಡುವೆ ಸ್ಟ್ಯಾಟಿಕ್ ಕಟ್ಟಿಕೊಳ್ಳುತ್ತದೆ. ಟ್ರೇಗೆ ಹಾಕುವ ಮುಂಚೆ ಕಟ್ಟನ್ನು ನಾಲ್ಕೂ ಕಡೆ ಬಗ್ಗಿಸಿ, ಇಸ್ಪೀಟಿನ ಎಲೆ ಬಿಡಿಸಿದ ಹಾಗೆ ಗಾಳಿ ಆಡಿಸಿ, ಮೇಜಿನ ಮೇಲೆ ತಟ್ಟಿ ಅಂಚು ಸರಿಮಾಡಿ ಹಾಕುತ್ತೇನೆ. ಟ್ರೇಯನ್ನು ಪೂರ್ತಿ ತುಂಬುವುದೂ ಇಲ್ಲ. ಲೀಗಲ್ ಸೈಜಿಗೆ ಇಷ್ಟು ಮಾಡಿದರೂ ಮಧ್ಯಾಹ್ನದ ಹೊತ್ತು ಆಗೊಮ್ಮೆ ಈಗೊಮ್ಮೆ ಡಬಲ್ ಹೋಗುತ್ತದೆ, ಅದಕ್ಕೆ ನನಗಿನ್ನೂ ದಾರಿ ಸಿಕ್ಕಿಲ್ಲ. ಈಗ ಹಾಕಿರುವ ಡ್ರಮ್ಮು ಬ್ಲೇಡಿಗೆ ಹದಿಮೂರು ತಿಂಗಳಾಯಿತು, ಪ್ರತಿಯ ಮೇಲೆ ಇನ್ನೂ ಒಂದು ಗೆರೆ ಬಿದ್ದಿಲ್ಲ.